ಪರದೆಯ ಬಂಡಿಯಿಂದ ಬಂದ ಕೈ

ಅರಗು ಕರಗಿ ಜೇನಿನ ಹದಕ್ಕೆ ಬಂದಿತ್ತು. ಗೌರಾಬಾಯಿ ಅರಗಿನ ಕಡ್ಡಿಯನ್ನು ದೀಪದ ಉರಿಯ ಮೇಲೆ ಮೆಲ್ಲಗೆ ತಿರುಗಿಸುತ್ತ, ಇನ್ನೊಂದು ಕೈಯಿಂದ ಥೈಲಿಯ ಬಾಯಿಯ ಗಂಟನ್ನು ಒತ್ತಿ ಹಿಡಿದಿದ್ದಳು. ಎರಡು ಹನಿ ಬಿದ್ದವು. ಮೂರನೆಯದು ಬೀಳುವ ಮೊದಲೇ ಚಪರಾಸಿ ಮಲಂಗಸಾಬ ಬಾಗಿಲಲ್ಲಿ ತಲೆ ಹಾಕಿದ.

"ಬಾಯಾರ, ಬಂಡಿ ಬಂದದ. ಪರದೆ ಕಟ್ಟಿದ್ದು."

"ತಡಿ ಮಲಂಗಣ್ಣ. ಅರಗು ಆರಿದ್ರ ಮೊಹರು ಕೂಡೂದಿಲ್ಲ."

"ನಿಮ್ಮ ಅರಗು ಆರೂತನಾ ಎತ್ತು ಬ್ಯಾಂಕಿನ ಬಾಗಿಲಾ ತಿಂತಾವ್ ನೋಡ್ರಿ. ಮಾದನಹಿಪ್ಪರಗಾದ ಅಣ್ಣಾರಾಯಗೌಡ್ರು ಖುದ್ದ ಬಂದಾರ."

ಆ ಹೆಸರಿಗೆ ಗೌರಾಬಾಯಿಯ ಮುಖ ಅರಳಿತು. ಗೌಡ ಬಂದನೆಂದಲ್ಲ. ಬಂಡಿಯೊಳಗೆ ಮಲ್ಕಮ್ಮ ಇರಬೇಕು ಎಂದು. ಮೊಹರನ್ನು ಅರಗಿನ ಮೇಲೆ ಒತ್ತಿ, ಉಸಿರು ಬಿಗಿಹಿಡಿದು, ಎತ್ತಿದಳು. ಅಂಚು ಒಡೆಯದೆ ಚೆನ್ನಾಗಿ ಮೂಡಿತ್ತು. ಥೈಲಿಯನ್ನು ತಿಜೋರಿಗೆ ಇಟ್ಟು, ಮಸಿಯ ಡಬ್ಬಿ ಎತ್ತಿಕೊಂಡಳು.

ಆಳಂದದ ವ್ಯಾಪಾರಿಗಳು ಕೂಡಿ ತೆರೆದ ಆ ಚಿಕ್ಕ ಬ್ಯಾಂಕಿನಲ್ಲಿ ಮುಂದಿನ ಕೋಣೆ ತೊಗರಿ-ಜೋಳದ ದಲಾಲರ ಗದ್ದಲಕ್ಕೆ. ಹಿಂದಿನದು ಅಮಾನತ್ ಕೋಣೆ. ತಂದೆ ಸತ್ತ ಕೂಸುಗಳದು, ಗಂಡ ಸತ್ತ ಹೆಂಗಸರದು, ದೂರದ ಊರಿಗೆ ಹೋದವರದು, ಹೀಗೆ ಬರಿಯ ನಂಬಿಕೆಯ ಮೇಲೆ ಇಟ್ಟುಹೋದ ಒಡವೆ, ಹೊಲದ ಕಾಗದ ಎಲ್ಲ ಅಲ್ಲಿ ತಣ್ಣಗೆ ಕೂತಿರುತ್ತಿದ್ದವು. ಥೈಲಿ ಹೊಲಿಯುವುದು, ಮೊಹರು ಹಾಕುವುದು, ಕಾಗದಗಳಿಗೆ ಗೆದ್ದಲು ಹತ್ತದಂತೆ ಬೇವಿನ ಎಲೆ ಇಡುವುದು ಗೌರಾಬಾಯಿಯ ಕೆಲಸ. ಆದರೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡದ್ದು ಇವುಗಳಿಗಲ್ಲ. ದೊಡ್ಡ ಮನೆಗಳ ಹೆಂಗಸರಿಗೆ ಗೋಷಾ ಇತ್ತು. ಅವರು ಬಂಡಿಯಿಂದ ಇಳಿಯುವಂತಿಲ್ಲ, ಅವರ ಮುಖವನ್ನು ಪರಗಂಡಸರು ನೋಡುವಂತಿಲ್ಲ. ಆದ್ದರಿಂದ ಬ್ಯಾಂಕೇ ಬಂಡಿಯ ಬಳಿಗೆ ಹೋಗಬೇಕು. ಗೌರಾಬಾಯಿ ಪರದೆಯ ಒಳಗೆ ಕೈ ಹಾಕಿ, ಆ ಹೆಂಗಸಿನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು, "ಹೌದು, ಅವರೇ" ಎನ್ನಬೇಕು. ಕಚೇರಿಯವರು ಇದಕ್ಕೆ ಶಿನಾಖತ್ ಎನ್ನುತ್ತಿದ್ದರು. ಹೆಬ್ಬೆಟ್ಟಿನ ಗೆರೆ ಓದಬಲ್ಲವರು ಹೈದರಾಬಾದಿನಲ್ಲಿ ಇದ್ದರಂತೆ. ಆಳಂದದಲ್ಲಿ ನಡೆಯುತ್ತಿದ್ದುದು ಗೌರಾಬಾಯಿಯ ಆ ಎರಡು ಮಾತು.

ಮಲ್ಕಮ್ಮ ಮೊದಲ ಸಲ ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ, ತನ್ನ ತಂದೆಯ ಜೊತೆಗೆ. ಗಂಡ ತೀರಿ ಎರಡು ವರ್ಷವಾಗಿತ್ತು. ತವರಿನವರು ಹಾಕಿದ ಒಡವೆಗಳನ್ನು ಮಗಳು ನಿಂಬೆವ್ವ ದೊಡ್ಡವಳಾಗುವ ತನಕ ಇಡಬೇಕು, ತಾನೇ ಬಂದು ಹೆಬ್ಬೆಟ್ಟು ಒತ್ತದೆ ಯಾರಿಗೂ ಕೊಡಕೂಡದು ಎಂದು ಬರೆಸಿದ್ದಳು. ಪರದೆಯ ಸಂದಿಯಿಂದ ಅರಗಿನ ಮೊಹರನ್ನು ನೋಡಿ ಕೂಸಿನಂತೆ ನಕ್ಕು, ಬಾಯಿಂದ ಊದಿ ಆರಿಸಿದ್ದಳು. ಆಮೇಲೆ ಗೌರಾಬಾಯಿಯ ಕೈ ಹಿಡಿದುಕೊಂಡು ಹೇಳಿದ್ದಳು: "ಅಕ್ಕಾ, ಇದು ಇಲ್ಲಿ ಇರೂತನಾ ನನಗ ಆ ಮನ್ಯಾಗ ಊಟದ ಒಂದು ತಾಟು ಇರ್ತದ. ಇದು ಇಲ್ಲಿಂದ ಹೋದ ದಿನ ನಾನೂ ಹೋದಂಗ."

ಆ ತಂದೆ ಈ ಮಳೆಗಾಲದಲ್ಲಿ ತೀರಿಕೊಂಡಿದ್ದ.

ಅಣ್ಣಾರಾಯಗೌಡ ಬೇವಿನ ಮರದ ನೆರಳಲ್ಲಿ, ಬಂಡಿಯ ಗಾಲಿಗೆ ಕಾಲು ಕೊಟ್ಟು ನಿಂತಿದ್ದ. ಮಲ್ಕಮ್ಮನ ಗಂಡನ ಅಣ್ಣ. ಬಿಳಿ ರುಮಾಲು, ಬಾಯ್ತುಂಬ ಎಲೆ-ಅಡಿಕೆ.

"ಶರಣ್ರಿ ಬಾಯಾರ. ಮೈಯಾಗ ಅರಾಮ ಇಲ್ಲ ನಮ್ಮಾಕೀಗೆ. ಮಾತಾಡೂದಿಲ್ಲ, ಒತ್ತೂದಷ್ಟ. ಒಡವಿ ಬಿಡಿಸಿಕೊಳ್ಳೋ ಅರ್ಜಿಗೆ ಶಿನಾಖತ್ ಹಾಕಿಬಿಡ್ರಿ. ಸಾಹೇಬ್ರು ಬಂದ ಮ್ಯಾಲ ಗಂಟು ಒಯ್ತೇವಿ."

"ಸಾಹೇಬ್ರು ಕಲಬುರ್ಗಿಗೆ ಹೋಗ್ಯಾರ್ರಿ ಇವತ್ತ."

"ಗೊತ್ತದ್ರಿ," ಎಂದು ಗೌಡ ನಕ್ಕ. "ಅದಕ್ಕ ಇವತ್ತ ಬಂದೇವಿ. ಗದ್ದಲ ಇಲ್ಲದ ದಿವಸ."

ಗೌರಾಬಾಯಿ ಪರದೆಯ ಬಳಿ ಹೋಗಿ, "ಮಲ್ಕವ್ವಾ, ನಾನು, ಗೌರಾಬಾಯಿ. ಬಲಗೈ ಕೊಡ್ರಿ" ಎಂದಳು.

ಪರದೆ ಅಲುಗಿತು. ಒಂದು ಕೈ ಹೊರಗೆ ಬಂತು.

ಅವಳು ಆ ಕೈಯನ್ನು ಹಿಡಿದುಕೊಂಡಳು. ಅಂಗೈ ಒರಟು. ಬೆರಳ ಸಂದಿಯಲ್ಲಿ ತೊಗರಿ ಕಟ್ಟಿಗೆಯ ಗೀರು. ಮುಂಗೈ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಗೋಷಾದ ಕೈ ಬಿಸಿಲು ಕಾಣುವುದೆಲ್ಲಿಂದ? ಆದರೆ ಅವಳ ಕಣ್ಣು ನಿಂತದ್ದು ಅದರ ಮೇಲಲ್ಲ. ಸುಟ್ಟ ಮುಂಗೈಯ ಸುತ್ತ ನಾಲ್ಕು ಬೆರಳಗಲದ ಬಿಳಿಯ ಪಟ್ಟಿ ಇತ್ತು. ಬಳೆಗಳ ಜಾಗ. ಮೊನ್ನೆಮೊನ್ನೆಯವರೆಗೆ, ಬಹುಶಃ ಈ ಬೆಳಗಿನವರೆಗೆ, ಅಲ್ಲಿ ಬಳೆಗಳಿದ್ದವು. ಹೆಬ್ಬೆರಳ ಬುಡದ ಎಲುಬಿನ ಮೇಲೆ ಚರ್ಮ ತರಚಿತ್ತು, ಎಣ್ಣೆ ಇನ್ನೂ ಜಿಗುಟಾಗಿ ಹೊಳೆಯುತ್ತಿತ್ತು. ಗಂಡ ಸತ್ತವಳ ಬಳೆಯನ್ನು ಯಾರೂ ಎಣ್ಣೆ ಹಚ್ಚಿ ಕಳಚುವುದಿಲ್ಲ, ಕಲ್ಲಿಗೆ ಕುಟ್ಟಿ ಒಡೆಯುತ್ತಾರೆ. ಗೌರಾಬಾಯಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟು ವರ್ಷದ ಹಿಂದೆ ಅವಳ ಕೈಗಳನ್ನು ಹಿತ್ತಲ ಒಗೆಯುವ ಕಲ್ಲಿಗೆ ಹಿಡಿದಿದ್ದರು.

ಇದು ಮುತ್ತೈದೆಯ ಕೈ. ಗೌಡನ ಹೊಲದಲ್ಲಿ ದುಡಿಯುವ ಯಾವಳೋ ಪಾಪದವಳು. ಗೌಡನಿಗೆ ಬಳೆ ತೆಗೆಸುವುದು ನೆನಪಾಗಿದೆ. ಕೈಗೆ ಬಿಸಿಲಿನ ನೆನಪು ಇರುತ್ತದೆಂಬುದು ಹೊಳೆದಿಲ್ಲ.

"ನಿಂಬೆವ್ವ ಹ್ಯಾಂಗದಾಳವ್ವಾ?" ಎಂದಳು ಗೌರಾಬಾಯಿ.

ಹಿಂದಿನಿಂದ ಗೌಡ ಹೇಳಿದ, "ಅರಾಮ ಅದಾಳ್ರಿ. ಅಂದ್ನಲ್ಲ, ಈಕಿ ಮಾತಾಡೂದಿಲ್ಲ."

ಗೌರಾಬಾಯಿ ಮಸಿ ಹಚ್ಚಲು ಪರದೆಯೊಳಗೆ ಬಾಗಿದಳು. ಒಳಗೆ ಮುಸುಕು ಹಾಕಿದ ಮುಖ. ಮುಸುಕಿನ ಬಟ್ಟೆ ಉಸಿರಿಗೆ ಒಳಹೋಗಿ ಹೊರಬರುತ್ತಿತ್ತು. ಎತ್ತಿನ ಕೊರಳ ಗೆಜ್ಜೆಯ ಸದ್ದಿನಲ್ಲಿ ಮುಚ್ಚಿಹೋಗುವಷ್ಟು ಸಣ್ಣಗೆ ಒಂದು ಮಾತು ಬಂತು:

"ಎವ್ವಾ, ಲಗೂನ ಮುಗಸ್ರಿ. ನನ್ನ ಗಂಡ ಜೀವಂತ ಅದಾನ. ನಾ ಬಳಿ ಹಾಕ್ಕೋಬೇಕು."

ಗೌರಾಬಾಯಿಯ ಕೈಯಲ್ಲಿದ್ದ ಆ ಹೆಬ್ಬೆಟ್ಟು ಜಾರಿತು, ಅಥವಾ ಹಿಡಿದ ಕೈಯೇ ಜಾರಿಸಿತು. ಕಾಗದದ ಮೇಲೆ ಬಿದ್ದದ್ದು ಗುರುತಲ್ಲ, ಕಪ್ಪು ಕಲೆ.

ಅವಳು ಹೊರಗೆ ಬಂದು ಕಾಗದವನ್ನು ನೋಡುತ್ತ ನಿಂತಳು. ಮಲ್ಕಮ್ಮ ಎಲ್ಲಿ? ಒಪ್ಪದ್ದರಿಂದ ತಾನೇ ಬೇರೆಯವಳನ್ನು ತಂದಿದ್ದಾರೆ? ಅಥವಾ ಒಪ್ಪಲು, ಒಪ್ಪದಿರಲು ಅವಳೇ ಇಲ್ಲವೋ?

"ಮಸಿ ನೀರಾಗ್ಯದ್ರಿ ಗೌಡ್ರ," ಎಂದಳು. "ಕಲಸಿಹೋತು. ಹೊಸಾ ಕಾಗದಕ್ಕ ಸಾಹೇಬ್ರ ಸಹಿ ಬೇಕು. ಶನಿವಾರ ಬರ್ರಿ."

ಅದು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಗೌಡ ಅಗಿಯುವುದನ್ನು ನಿಲ್ಲಿಸಿದ. ಅವಳ ಮುಖವನ್ನಲ್ಲ, ಕಾಗದ ಹಿಡಿದ ಅವಳ ಕೈಯನ್ನು ನೋಡಿದ.

"ಶನಿವಾರ," ಎಂದ. "ಆಗಲಿ. ಶುಕ್ರವಾರ ನಸಿಕಿನ್ಯಾಗ ಎದ್ದು ಜೇವರ್ಗಿಗೆ ಬೀಗರ ಮನೀಗೆ ಹೋಗೂದದ. ಅಲ್ಲಿ ವಸ್ತಿ ಮಾಡಿ, ಶನಿವಾರ ಹೊಳ್ಳಿ ಈಕೀನ್ನ ಕರ್ಕೊಂಡು ಬರ್ತೇನಿ." ಪಿಚಕ್ಕನೆ ಉಗುಳಿ, ಬಾಯಿ ಒರೆಸಿಕೊಂಡ. "ನಿಮಗೊಬ್ಬಾಕಿ ಮಗಳದಾಳಲ್ಲಾ ಬಾಯಾರ? ಸುಂದ್ರಾ ಅಂತಲ್ಲ ಹೆಸರು? ಸಾಲಿಗೆ ಒಬ್ಬಾಕೀನ ಹೋಗ್ತಾಳಂತ. ಬ್ಯಾಡ್ರಿ. ಜ್ವಾಳ ಆಳೆತ್ತರ ಎದ್ದದ. ಒಳಗ ಏನೇನಿರ್ತಾವೋ, ಯಾರು ಕಂಡಾರ."

ಅವನು ಕಾಳಜಿಯಿಂದಲೇ ಹೇಳಿದಂತಿತ್ತು. ಬಂಡಿ ಹೊರಳಿತು. ಪರದೆಯ ಸಂದಿಯಿಂದ ಆ ಮಸಿಯ ಹೆಬ್ಬೆಟ್ಟು ಒಂದು ಗಳಿಗೆ ಕಂಡು, ಒಳಗೆ ಹೋಯಿತು.

ಆ ಸಂಜೆ ಗೌರಾಬಾಯಿ ಮನೆಗೆ ಹೋಗುವ ಬದಲು ನೇರವಾಗಿ ಶಾಲೆಯ ಬಾಗಿಲಿಗೆ ಹೋಗಿ ನಿಂತಳು. ಸುಂದ್ರಾಳಿಗೆ ಹತ್ತು ತುಂಬಿತ್ತು. ಗೆಳತಿಯರ ಮುಂದೆ ತಾಯಿ ಕೈ ಹಿಡಿದದ್ದು ಅವಳಿಗೆ ನಾಚಿಕೆ.

"ಎವ್ವಾ, ಕೈ ಬಿಡು. ನಾ ಏನ್ ಕೂಸೇನು?"

"ಸುಮ್ಕ ನಡಿ."

ದಾರಿಯ ಎರಡೂ ಬದಿಗೆ ಜೋಳ ನಿಂತಿತ್ತು. ಗಾಳಿ ಬಂದಾಗ ಎಲೆಗೆ ಎಲೆ ಉಜ್ಜಿ ಸದ್ದು. ಇಷ್ಟು ವರ್ಷ ಈ ದಾರಿಯಲ್ಲಿ ನಡೆದರೂ ಆ ಸದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಇಂದು ಪ್ರತಿ ದಂಟಿನ ಹಿಂದೆ ಯಾರೋ ಉಸಿರು ಹಿಡಿದು ಕೂತಿದ್ದಾರೆ ಎನ್ನಿಸಿತು. ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಹುಡುಗಿ "ಹಾ" ಎಂದಳು.

ಮನೆಯಲ್ಲಿ ತಾಯಿ ಗುರಮ್ಮ ರೊಟ್ಟಿ ಬಡಿಯುತ್ತಿದ್ದಳು. ಗೌರಾಬಾಯಿ ಒಲೆಯ ಮುಂದೆ ಕೂತು ತನ್ನ ಮುಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಎವ್ವಾ, ನನ್ನ ಬಳಿ ತೆಗೆದಾಗ ಅದರ ಕಲೆ ಎಷ್ಟು ದಿನಾ ಇತ್ತು?"

ಗುರಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. "ದೀಪಾ ಹಚ್ಚೋ ಹೊತ್ತಿನಾಗ ಏನ್ ಮಾತು ಕೇಳ್ತೀ ಬೇ ಇದು? ಬ್ಯಾಂಕಿನಾಗ ಅರಗಿನ ಹೊಗಿ ತಲಿಗೇರ್ಯದೇನು?"

"ಸುಮ್ಕ ಕೇಳಿದೆ."

"ಸುಮ್ಕ ಕೇಳೂ ಮಾತಲ್ಲ." ಗುರಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ. ಸ್ವಲ್ಪ ಹೊತ್ತಿನ ಮೇಲೆ, ತಿರುಗಿ ನೋಡದೆ, ಮೆತ್ತಗೆ ಹೇಳಿದಳು: "ಎರಡು ಮಳಿಗಾಲ. ನೀ ನೀರು ಸೇದೂವಾಗ ನಾ ಅದನ್ನ ನೋಡಬಾರದಂತ ಮುಖಾ ತಿರುವತಿದ್ದೆ."

ಗೌರಾಬಾಯಿಗೆ ಆ ಹೊಲದ ಹೆಂಗಸು ನೆನಪಾದಳು. ಈಗ ಬಳೆ ಹಾಕಿಕೊಂಡಿರಬಹುದು. ಗಂಡನಿಗೆ ನೆಗಡಿಯಾದರೂ ತನ್ನ ಬೋಳು ಕೈಯ ತಪ್ಪೆಂದು ಬೆಂದು ಹೋಗುತ್ತಾಳೆ. ಶನಿವಾರ ಮತ್ತೆ ತೆಗೆಯಬೇಕಲ್ಲ ಎಂದು ಈಗಲೇ ನಡುಗುತ್ತಿರಬಹುದು. ಅವಳನ್ನು ಸುಳ್ಳುಗಾತಿ ಎನ್ನಲು ಗೌರಾಬಾಯಿಗೆ ಮನಸ್ಸು ಬರಲಿಲ್ಲ. ತನ್ನ ಭಯಕ್ಕೂ ಅವಳ ಭಯಕ್ಕೂ ಬೇರೆ ಬೇರೆ ಹೆಸರಿಡಲು ಬರಲಿಲ್ಲ.

"ಹೌದು, ಅವರೇ." ಎರಡೇ ಮಾತು. ಅಂದುಬಿಟ್ಟರೆ ಸುಂದ್ರಾ ಜೋಳದ ದಾರಿಯಲ್ಲಿ ಒಬ್ಬಳೇ ನಡೆಯಬಹುದು. ಮಲ್ಕಮ್ಮನ ತಾಟು ಮಾತ್ರ ಮಗುಚಿ ಬೀಳುತ್ತದೆ. ಊಟಕ್ಕೆ ಕೂತಾಗ ಎದುರಿಗಿದ್ದ ತಾಟನ್ನು ಸುಂದ್ರಾಳ ಕಡೆಗೆ ಸರಿಸಿದಳು.

ಮರುದಿನ ಮ್ಯಾನೇಜರ್ ಶರಫುದ್ದೀನ ಸಾಹೇಬರು ಕಲಬುರ್ಗಿಯಿಂದ ಮರಳಿದರು. ಒಳ್ಳೆಯ ಮನುಷ್ಯ, ಅಮಾನತ್ ಕೋಣೆಗೆ ಬರುವಾಗ ಮಸೀದಿಗೆ ಹೋದಂತೆ ಚಪ್ಪಲಿಯನ್ನು ಹೊರಗೇ ಬಿಡುತ್ತಿದ್ದರು. ಗೌರಾಬಾಯಿ ಬೇವಿನ ಎಲೆ ಬದಲಿಸುತ್ತ, ಬೇರೆ ಏನೋ ಕೇಳುವವಳಂತೆ ಕೇಳಿದಳು.

"ಸಾಹೇಬ್ರ, ಶಿನಾಖತ್ ಮಾಡೂವಾಗ ನನಗ ಗುರುತು ಸಿಗಲಿಲ್ಲಂದ್ರ?"

"ಸಿಗಲಿಲ್ಲಂತ ಬರೀಬೇಕು. ಯಾಕ ಸಿಗಲಿಲ್ಲ ಅಂತ ಕಾರಣಾ ಬರೀಬೇಕು. ಕೆಳಗ ನಿಮ್ಮ ಹೆಸರು. ಅರ್ಜಿ ಕೊಟ್ಟವರ ಮುಂದ ಅದನ್ನ ಜೋರಾಗಿ ಓದಬೇಕು."

"ನನ್ನ ಹೆಸರು ಸೈತ?"

"ಹೆಸರು ಸೈತ. ಕಾಯ್ದೆ ಅದ." ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಯಾಕ್ರಿ ಗೌರಾಬಾಯಿ? ಶಕ್, ಸಂಶಯ ಏನರೆ ಅದ? ನಿಮ್ಮ ಜಬಾನು ನನಗ ಸಾಕು. ನೀವು ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ."

ಅದೇ ಅವಳಿಗೆ ಭಯ. ಅವರಿಗೆ ಅವಳ ಮಾತು ಸಾಕು. ಆದ್ದರಿಂದ ಭಾರವೆಲ್ಲ ಅವಳ ಮಾತಿನ ಮೇಲೆ. ಬರೀ ಅವಳ ನಾಲಿಗೆ ಒಂದು ಕಡೆ, ಅಣ್ಣಾರಾಯಗೌಡ ಒಂದು ಕಡೆ. ಬಿಳಿಯ ಪಟ್ಟಿ, ಎಣ್ಣೆಯ ಹೊಳಪು ಎಂದೆಲ್ಲ ಓದಿದರೆ ಗೌಡ ನಕ್ಕುಬಿಡುತ್ತಾನೆ, ಮನೆಗೆ ಹೋಗುವಾಗ ಜೋಳದ ಕಡೆ ಒಮ್ಮೆ ನೋಡುತ್ತಾನೆ. ಅವನಿಗೆ ಇನ್ನೇನೂ ಮಾಡಬೇಕಿಲ್ಲ.

"ಏನಿಲ್ರಿ. ಕಾಯ್ದೆ ತಿಳೀಲಂತ ಕೇಳಿದೆ."

"ಕಾಯ್ದೆ ಇನ್ನೊಂದದ," ಎಂದರು ಸಾಹೇಬರು ಹೊರಡುತ್ತ. "ಗೋಷಾದ ಹೆಣ್ಣಮಗಳು ಬೇಮಾರ ಬಿದ್ದು ಹಾಸಗಿ ಹಿಡದಿದ್ರ, ಬ್ಯಾಂಕಿನಾಕಿ ಆಕಿ ಹೊಸ್ತಿಲಿಗೇ ಹೋಗಿ ಹೆಬ್ಬೆಟ್ಟು ತರಬಹುದು. ಯಾವ ಗಂಡಸೂ ಅಡ್ಡ ಬರೂಹಂಗಿಲ್ಲ. ಇನ್ನೂ ತನಕ ಯಾರೂ ಹೋಗಿಲ್ಲ ಅನ್ರಿ. ಬಂಡ್ಯಾಗ ಬರ್ತಾರಲ್ಲ."

ಅವರು ಚಪ್ಪಲಿ ಮೆಟ್ಟಿ ಹೋದರು. ಬೇವಿನ ಎಲೆ ಗೌರಾಬಾಯಿಯ ಬೆರಳಲ್ಲಿ ಪುಡಿಯಾಯಿತು.

ಮಧ್ಯಾಹ್ನ ಮಲಂಗಸಾಬ ಚಹಾ ತಂದಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತ. ಅವನ ಮಗಳನ್ನು ಮಾದನಹಿಪ್ಪರಗಾಕ್ಕೆ ಕೊಟ್ಟಿತ್ತು. ಆ ಊರಿನ ಸುದ್ದಿ ಅವನಿಗೆ ಚಹಾದ ಜೊತೆಗಿನ ಬೆಲ್ಲ.

"ಬಾಯಾರ, ಗೌಡ್ರ ಬಂಡಿ ಹೊಳ್ಳಿಸಿ ಕಳಿಸಿದ್ರಂತಲ್ಲ. ಭಾರಿ ಧೈರ್ಯ ಬಿಡ್ರಿ ನಿಮ್ಮದು."

"ಮಸಿ ಕೆಟ್ಟಿತ್ತಣ್ಣ."

"ಮಸಿ!" ಅವನು ನಕ್ಕ. ಆಮೇಲೆ ಧ್ವನಿ ಇಳಿಸಿದ. "ಆ ಸಣ್ಣಾಕಿ, ಮಲ್ಕಮ್ಮ, ದಸರಾ ಆದಾಗಿಂದ ಹಿತ್ತಲಾಗೂ ಕಂಡಿಲ್ಲಂತ. ಹುಚ್ಚು ಹಿಡದದ ಅಂತ ಗೌಡ್ರು ಹೇಳಸ್ಯಾರ. ಕಣಜದ ಕ್ವಾಣ್ಯಾಗ ಇಟ್ಟು ಅಗಳಿ ಹಾಕ್ಯಾರಂತ. ಮಗಳನ್ನ ಸೈತ ಕಡೀಗಿಟ್ಟಾರ. ನನ್ನ ಮಗಳು ಹೇಳ್ತಾಳ, ಹುಚ್ಚಿ ಆದ್ರ ಕೂಗಾಡಬೇಕಿಲ್ಲ? ಏನೂ ಸಪ್ಪಳಿಲ್ಲ."

ಅವಳು ಚಹಾದ ಬಸಿ ಕೆಳಗಿಟ್ಟಳು.

"ಜೀವಂತ ಅದಾಳೋ ಇಲ್ಲೋ?"

"ಅದಾಳ, ಅದಾಳ. ದಿನಾ ಒಂದು ತಾಟು ಒಳಗ ಹೋಗ್ತದಂತ."

"ಇದು ಇಲ್ಲಿ ಇರೂತನಾ" ಎಂದಿದ್ದಳು ಮಲ್ಕಮ್ಮ. ಗೌರಾಬಾಯಿ ತಿಜೋರಿಯ ಕಡೆ ನೋಡಿದಳು. ಆ ಕಬ್ಬಿಣದೊಳಗೆ, ತಾನೇ ಹೊಲಿದ ಥೈಲಿಯಲ್ಲಿ, ಮಲ್ಕಮ್ಮ ಊದಿ ಆರಿಸಿದ ಅರಗಿನ ಮೊಹರು ಇನ್ನೂ ಒಡೆಯದೆ ಇತ್ತು. ಅದಿನ್ನೂ ಒಡೆದಿಲ್ಲವೆಂದೇ ಆ ತಾಟು ಹೋಗುತ್ತಿದೆ.

"ನಿಮಗ್ಯಾಕ್ರಿ ಬೆವರು ಬಂತು?" ಎಂದ ಮಲಂಗಸಾಬ. "ಚಳಿ ಹೊತ್ತಿನಾಗ."

"ಚಹಾ ಬಿಸಿ ಅದ."

ಅವನು ಬಸಿ ಎತ್ತಿಕೊಂಡು ಹೋದ ಮೇಲೆ ಅವಳು ಬಹಳ ಹೊತ್ತು ಕೈಕಟ್ಟಿ ಕೂತಳು. ನಾಳೆ ಶುಕ್ರವಾರ, ಹೈದರಾಬಾದ್ ರಿಯಾಸತ್ತಿನ ಕಚೇರಿಗಳಿಗೆಲ್ಲ ರಜೆ, ಬ್ಯಾಂಕಿಗೂ. ಗೌಡ ಜೇವರ್ಗಿಗೆ. ಮನೆಯಲ್ಲಿ ಹೆಂಗಸರು, ಆಳುಗಳು. ಹಗಲು ಹೊತ್ತಿನಲ್ಲಿ, ನೀರಿಗೆ ಹೋಗುವ ಹೆಂಗಸರೆಲ್ಲ ಓಣಿಯಲ್ಲಿರುವಾಗ, ಒಬ್ಬ ಹೆಂಗಸು ದೊಡ್ಡ ಬಾಗಿಲಲ್ಲಿ ನಿಂತು "ಬ್ಯಾಂಕಿನಿಂದ ಬಂದೇನಿ, ಮಲ್ಕಮ್ಮನ ಕೈ ನೋಡಬೇಕು, ಇದು ಕಾಯ್ದೆ" ಎಂದು ಕೂಗಿದರೆ? ಬಾಗಿಲು ಮುಚ್ಚಬಹುದು. ನಾಯಿ ಬಿಡಬಹುದು. ಶನಿವಾರ ಗೌಡ ಬಂದಾಗ ಏನಾಗುವುದೋ ಯಾರಿಗೆ ಗೊತ್ತು. ಆದರೆ ಕೈ ಹೊರಗೆ ಬಂದರೆ, ಇಡೀ ಓಣಿ ನೋಡುತ್ತದೆ. ಆಮೇಲೆ ಅದು ಗೌರಾಬಾಯಿಯ ಒಬ್ಬಳ ಮಾತಾಗಿ ಉಳಿಯುವುದಿಲ್ಲ. ಕೈ ಹೊರಗೆ ಬಾರದಿದ್ದರೆ, ಅದನ್ನೂ ಓಣಿ ನೋಡುತ್ತದೆ.

ಭಯ ಕಡಿಮೆಯಾಗಲಿಲ್ಲ. ಕಡಿಮೆಯಾಗುವ ತನಕ ಕಾಯಬೇಕೆಂದು ಇಷ್ಟು ಹೊತ್ತು ಕೂತಿದ್ದಳು. ಆಗುವುದಿಲ್ಲ ಎಂದು ಈಗ ತಿಳಿಯಿತು.

ಸಂಜೆ ಮನೆಗೆ ಬಂದವಳೇ ತಾಯಿಗೆ ಹೇಳಿದಳು, "ಎವ್ವಾ, ನೀ ಗಾಣಗಾಪುರಕ್ಕ ಹೋಗಬೇಕಂತಿದ್ದೆಲ್ಲ. ನಾಳಿ ಮುಂಜಾನಿ ಸರ್ವೀಸ್ ಮೋಟಾರಿಗೆ ಸುಂದ್ರಾನ್ನ ಕರ್ಕೊಂಡು ಹೋಗು. ಚೌಡಾಪುರದಾಗ ಚಿಗವ್ವನ ಮನ್ಯಾಗ ಎಂಟು ದಿನಾ ಇದ್ದು ಬರ್ರಿ."

"ಎಂಟು ದಿನಾ? ಸಾಲಿ?"

"ಸಾಲಿ ಎಲ್ಲೂ ಓಡಿ ಹೋಗೂದಿಲ್ಲ."

ಗುರಮ್ಮ ಮಗಳ ಮುಖವನ್ನು ದೀಪದ ಬೆಳಕಿನಲ್ಲಿ ನೋಡಿದಳು. "ನೀ?"

"ನನಗ ಬ್ಯಾಂಕಿನ ಕೆಲಸ ಅದ. ಮುಗಸಿ ಬರ್ತೇನಿ."

"ನಾಳಿ ಬ್ಯಾಂಕಿಗೆ ಸುಟ್ಟಿ ಅಲ್ಲೇನ ಬೇ?"

"ಅರಗು ಕಾಸಿ ಇಡೋ ಕೆಲಸ. ಸುಟ್ಟಿ ದಿನಾನೇ ಆಗೂದು."

ಗುರಮ್ಮ ಬುತ್ತಿಗೆ ಜೋಳದ ಹಿಟ್ಟು ಅಳೆಯಲು ಎದ್ದಳು. ಸುಂದ್ರಾ ಮೋಟಾರಿನ ಸಂತೋಷದಲ್ಲಿ ಆಗಲೇ ಲಂಗ ಮಡಚುತ್ತಿದ್ದಳು.

ಗೌರಾಬಾಯಿ ಗೂಟಕ್ಕೆ ತೂಗುಹಾಕಿದ ತನ್ನ ಚೀಲವನ್ನು ಮುಟ್ಟಿ ನೋಡಿದಳು. ಬ್ಯಾಂಕಿನ ಮೇಜಿನ ಮೇಲೆ ದಿನವೂ ಬಿಟ್ಟು ಬರುತ್ತಿದ್ದ ಮಸಿಯ ಡಬ್ಬಿ ಅದರ ತಳದಲ್ಲಿ ತಣ್ಣಗೆ, ಭಾರವಾಗಿ ಕೂತಿತ್ತು. ಮುಚ್ಚಳ ಸಡಿಲವಾಗಿತ್ತು. ಬಿಗಿಮಾಡಿ, ಮೇಲೊಂದು ಸೀರೆ ಮಡಚಿಟ್ಟು, ತಾಯಿಗೆ ಹಿಟ್ಟು ನಾದಿಕೊಡಲು ಹೋದಳು.